ಕೇಕ್ ಕತ್ತರಿಸಿದೆವು, 640 ರೂಪಾಯಿ ಮರೆತೆವು

ಕೇಕ್ ತರಿಸಿದ್ದು ಕೋಲಾರದ ಬೇಕರಿಯಿಂದ. ಒಂದು ಕೆಜಿ, ಬಿಳಿ ಕ್ರೀಮು, ಮೇಲೆ ಕೆಂಪಕ್ಷರದಲ್ಲಿ ‘ಸ್ಟಾರ್ ಆಫ್ ದಿ ಮಂತ್’. ಊಟದ ಬಿಡುವಿನಲ್ಲಿ ನಮ್ಮ ಲೈನಿನ 46 ಜನರನ್ನೂ ಕ್ಯಾಂಟೀನ್ ಪಕ್ಕ ಸೇರಿಸಿ ಚಪ್ಪಾಳೆ ಹೊಡೆಸಿದೆ. ಶ್ರೀನಿವಾಸಪುರ ಕಡೆಯ ಹುಡುಗಿ ನಾಚಿಕೊಂಡೇ ಕೇಕ್ ಕತ್ತರಿಸಿದಳು. ಎಚ್‌ಆರ್‌ನವರು ಫೋಟೋ ತೆಗೆದರು, ಮಾರನೇ ದಿನ ಅದು ನೋಟಿಸ್ ಬೋರ್ಡಿಗೂ ಬಂತು. ನನಗಂತೂ ನನ್ನ ಬಗ್ಗೆಯೇ ಹೆಮ್ಮೆ. ಲೈನ್ ಲೀಡರ್ ಆಗಿ ಇನ್ನೂ ಐದನೇ ತಿಂಗಳು, ಆಗಲೇ ಜನರನ್ನು ಹುರಿದುಂಬಿಸೋದು ಹೇಗೆ ಅಂತ ಕಲಿತುಬಿಟ್ಟೆ ಅಂದುಕೊಂಡಿದ್ದೆ.

ಎಂಟನೇ ದಿನ ಆ ಹುಡುಗಿ ಕೆಲಸ ಬಿಟ್ಟಳು.

ಎರಡು ದಿನ ಬರಲಿಲ್ಲ, ಹುಷಾರಿಲ್ಲವೇನೋ ಅಂದುಕೊಂಡೆ. ಮೂರನೇ ದಿನ ಫೋನ್ ಮಾಡಿದೆ.

“ಯಾಕಮ್ಮ, ಏನಾಯ್ತು? ಮನೇಲಿ ಏನಾದ್ರೂ ತೊಂದ್ರೇನಾ?”

“ಏನಿಲ್ಲಕ್ಕ. ಬೇರೆ ಕಡೆ ಸೇರ್ಕೊಂಡೆ.”

“ಇಲ್ಲಿ ಏನ್ ಕಮ್ಮಿ ಆಯ್ತು?”

ಸ್ವಲ್ಪ ಹೊತ್ತು ಮಾತಿಲ್ಲ. ಆಮೇಲೆ ಹೇಳಿದಳು, “ನಂದು ನೈಟ್ ಶಿಫ್ಟ್ ದುಡ್ಡು 640 ಬರಲೇ ಇಲ್ಲಕ್ಕ. ನಿಮ್ಮನ್ನ ಎರಡು ಸಲ ಕೇಳ್ದೆ. ಮೂರನೇ ಸಲ ಕೇಳೋಕೆ ನಂಗೇ ನಾಚ್ಕೆ ಆಯ್ತು.”

ಕೇಳಿದ್ದು ನಿಜ. ಒಂದು ಸಲ ಬಸ್ ಹತ್ತುವಾಗ, ಇನ್ನೊಂದು ಸಲ ಶಿಫ್ಟ್ ಬದಲಾಗುವ ಗಡಿಬಿಡಿಯಲ್ಲಿ. ಎರಡೂ ಸಲ ನಾನು “ನೋಡೋಣ, ಎಚ್‌ಆರ್‌ಗೆ ಹೇಳ್ತೀನಿ” ಅಂದಿದ್ದೆ. ಹೇಳಿರಲಿಲ್ಲ. ಫೋನ್ ಇಟ್ಟ ಮೇಲೆ ಕಂಪ್ಯೂಟರ್ ಮುಂದೆ ಕೂತು ಹುಡುಕಿದಾಗ ಗೊತ್ತಾಯ್ತು, ತಪ್ಪು ಎಚ್‌ಆರ್‌ದೂ ಅಲ್ಲ, ಅವಳನ್ನು ಕಳಿಸಿದ್ದ ಕಾಂಟ್ರ್ಯಾಕ್ಟರ್‌ದೂ ಅಲ್ಲ. ತಿಂಗಳ ಮಧ್ಯದಲ್ಲಿ ಅವಳನ್ನು ಬೇರೆ ಲೈನಿನಿಂದ ನನ್ನ ಲೈನಿಗೆ ಹಾಕಿದ್ದರು. ಹಳೆಯ ಲೈನಿನ ಪಟ್ಟಿಯಲ್ಲಿ ಅವಳದ್ದು ಜನರಲ್ ಶಿಫ್ಟ್ ಅಂತಲೇ ಉಳಿದಿತ್ತು. ಒಂದು ತಿಂಗಳು ಐದು ರಾತ್ರಿ, ಮುಂದಿನ ತಿಂಗಳು ಮೂರು ರಾತ್ರಿ, ಒಟ್ಟು ಎಂಟು. ರಾತ್ರಿಗೆ 80 ರೂಪಾಯಿ. ಅದನ್ನು ತಿದ್ದಿ ಒಪ್ಪಿಗೆ ಕೊಡಬೇಕಾಗಿದ್ದ ಬಟನ್ ಇದ್ದದ್ದು ನನ್ನ ಲಾಗಿನ್‌ನಲ್ಲಿ. ಎರಡು ತಿಂಗಳಿಂದ ಅದು ಹಳದಿ ಬಣ್ಣದಲ್ಲಿ ‘ಪೆಂಡಿಂಗ್’ ಅಂತ ಕಾಯುತ್ತಾ ಕೂತಿತ್ತು.

ಕೇಕಿಗೆ ಎಷ್ಟಾಗಿತ್ತು ಗೊತ್ತಾ? 650 ರೂಪಾಯಿ.

ಜೀತಂ ಪಡಿಂದಾ?

ನಾನು ಮುಳಬಾಗಿಲು ತಾಲ್ಲೂಕಿನವಳು. ನಮ್ಮೂರಿಂದ ಆಂಧ್ರದ ಗಡಿ ಕಣ್ಣಳತೆಯಲ್ಲಿದೆ. ಮನೆಯಲ್ಲಿ ಅರ್ಧ ಮಾತು ತೆಲುಗು, ಅರ್ಧ ಕನ್ನಡ. ಡಿಪ್ಲೊಮಾ ಮುಗಿಸಿ ಆಪರೇಟರ್ ಆಗಿ ಸೇರಿ, ನಿಧಾನಕ್ಕೆ ಲೈನ್ ಲೀಡರ್ ಆದೆ. ಕಂಪನಿಯ ಹೆಸರು ಇಲ್ಲಿ ಬೇಡ. ನಮ್ಮ ಜಿಲ್ಲೆಯ ಯಾವ ಇಂಡಸ್ಟ್ರಿಯಲ್ ಏರಿಯಾಗೆ ಹೋದರೂ ಇಂಥ ಲೈನು, ಇಂಥ ಬಸ್ಸು, ಇಂಥ ಕೊರಳಪಟ್ಟಿಯ ಐಡಿ ಕಾರ್ಡು ಸಿಗುತ್ತೆ.

ತಿಂಗಳ ಮೊದಲ ವಾರ ನಮ್ಮ ಕಂಪನಿ ಬಸ್ಸಿನಲ್ಲಿ ಕೇಳಿಬರುವ ಪ್ರಶ್ನೆ ಒಂದೇ, “ಜೀತಂ ಪಡಿಂದಾ ಅಕ್ಕಾ?” ತೆಲುಗಿನಲ್ಲಿ ಜೀತಂ ಅಂದರೆ ಸಂಬಳ, ಅಷ್ಟೆ. ‘ಸಂಬಳ ಬಿತ್ತಾ?’ ಅಂತ ಕೇಳ್ತಿದ್ದಾರೆ. ಕನ್ನಡದಲ್ಲಿ ಜೀತ ಅಂದರೆ ಏನು ಅಂತ ನಿಮಗೆ ಗೊತ್ತು. ಗಡಿ ಭಾಗದಲ್ಲಿ ಬೆಳೆದವರು ಈ ಎರಡೂ ಅರ್ಥಗಳನ್ನು ಒಂದೇ ಬಾಯಲ್ಲಿ ಇಟ್ಟುಕೊಂಡು ಓಡಾಡ್ತೀವಿ. ಎಷ್ಟು ಬಿತ್ತು, ಯಾಕೆ ಅಷ್ಟು ಬಿತ್ತು ಅಂತ ಕೇಳಿದರೆ ಉತ್ತರ ಸಿಗೋವರೆಗೆ ಅದು ತೆಲುಗಿನ ಜೀತಂ. ಉತ್ತರ ಸಿಗದೇ ಹೋದಾಗ ಕನ್ನಡದ್ದಾಗಿಬಿಡುತ್ತೆ.

ಇದು ಸುಮ್ಮನೆ ಮಾತಿನ ಆಟ ಅಲ್ಲ. ನಮ್ಮ ಜಿಲ್ಲೆಯಲ್ಲೇ ಇದಕ್ಕೆ ದೊಡ್ಡ ಉದಾಹರಣೆ ಇದೆ, ಇಡೀ ಜಗತ್ತು ನೋಡಿದ್ದು.

ನರಸಾಪುರದ ಆ ಬೆಳಗ್ಗೆ

2020ರ ಡಿಸೆಂಬರ್ 12, ಶನಿವಾರ. ಕೋಲಾರ ತಾಲ್ಲೂಕಿನ ನರಸಾಪುರದಲ್ಲಿ ಐಫೋನ್ ತಯಾರಿಸುತ್ತಿದ್ದ ತೈವಾನ್ ಮೂಲದ ವಿಸ್ಟ್ರಾನ್ ಕಂಪನಿಯ ಘಟಕ. ಬೆಳಗಿನ ಜಾವ, ರಾತ್ರಿ ಪಾಳಿ ಮುಗಿಯುವ ಹೊತ್ತಿಗೆ ಗಲಾಟೆ ಶುರುವಾಯ್ತು. ಗಾಜು ಪುಡಿಯಾಯ್ತು, ವಾಹನ ಉರುಳಿದವು, ಬೆಂಕಿ ಬಿತ್ತು. ವಿಡಿಯೋಗಳು ಬೆಳಗ್ಗೆ ಕಾಫಿ ಕುಡಿಯೋ ಹೊತ್ತಿಗೆ ನಮ್ಮೆಲ್ಲರ ವಾಟ್ಸಾಪ್‌ನಲ್ಲಿದ್ದವು. ನೂರಕ್ಕೂ ಹೆಚ್ಚು ಜನರ ಬಂಧನವಾಯ್ತು. ಕಂಪನಿಯ ದೂರಿನಲ್ಲಿ ಮೊದಲು 437 ಕೋಟಿ ರೂಪಾಯಿ ನಷ್ಟ ಅಂತಿತ್ತು. ಆಮೇಲೆ ತೈವಾನಿನಲ್ಲಿ ಕೊಟ್ಟ ಹೇಳಿಕೆಯಲ್ಲಿ ಅದು 10ರಿಂದ 20 ಕೋಟಿ ತೈವಾನ್ ಡಾಲರ್‌ಗೆ, ಅಂದರೆ ನಮ್ಮ ಲೆಕ್ಕದಲ್ಲಿ ಸುಮಾರು 26ರಿಂದ 52 ಕೋಟಿಗೆ ಇಳಿಯಿತು.

ಕಲ್ಲು ಹೊಡೆದಿದ್ದನ್ನು ನಾನು ಸಮರ್ಥಿಸಲ್ಲ. ಗಾಜು ಒಡೆಯದವರ ಕೆಲಸವೂ ಅವತ್ತು ನಿಂತಿತು. ಆದರೆ ಮೊದಲ ಎರಡು ದಿನ ಟಿವಿಯಲ್ಲಿ ನಡೆದ ಚರ್ಚೆ ನೆನಪಿಸಿಕೊಂಡರೆ ಈಗಲೂ ಸಿಟ್ಟು ಬರುತ್ತೆ. ಯಾರ ಪಿತೂರಿ, ಯಾವ ಸಂಘಟನೆ, ಜಿಲ್ಲೆಯ ಮರ್ಯಾದೆ ಹೋಯ್ತು... ಸಂಬಳದ ಚೀಟಿಯಲ್ಲಿ ಏನಿತ್ತು ಅಂತ ಕೇಳಿದವರು ಕಮ್ಮಿ.

ಅದನ್ನು ಕೇಳಿದ್ದು ರಾಜ್ಯದ ಕಾರ್ಖಾನೆಗಳ ಇಲಾಖೆ. ಅಧಿಕಾರಿಗಳು ಹೋಗಿ ನೋಡಿ ಬರೆದ ವರದಿಯ ಮುಖ್ಯ ಅಂಶಗಳು ಪತ್ರಿಕೆಗಳಲ್ಲಿ ಬಂದವು. ನಾನು ಅವನ್ನು ಓದಿದ್ದು ತಡವಾಗಿ, ಆ ಹುಡುಗಿ ಕೆಲಸ ಬಿಟ್ಟ ಮೇಲೆ. 5,000 ಇದ್ದ ಕೆಲಸಗಾರರ ಸಂಖ್ಯೆ ಸ್ವಲ್ಪವೇ ಕಾಲದಲ್ಲಿ 10,500 ದಾಟಿತ್ತು. ಅವರಲ್ಲಿ ಬಹುಪಾಲು ಜನ ಕಾಂಟ್ರ್ಯಾಕ್ಟರ್‌ಗಳ ಮೂಲಕ ಬಂದವರು. ಜನ ಬಂದಷ್ಟು ವೇಗವಾಗಿ ಅವರ ಲೆಕ್ಕ ನೋಡುವ ವ್ಯವಸ್ಥೆ ಬೆಳೆಯಲಿಲ್ಲ. ಕಾರ್ಮಿಕ ಕಾನೂನು ಸರಿಯಾಗಿ ಗೊತ್ತಿರುವ ಎಚ್‌ಆರ್ ಸಿಬ್ಬಂದಿ ಸಾಕಷ್ಟು ಇರಲಿಲ್ಲ. ಅಕ್ಟೋಬರ್‌ನಲ್ಲಿ ಪಾಳಿ 8 ಗಂಟೆಯಿಂದ 12 ಗಂಟೆಗೆ ಬದಲಾಯ್ತು, ಆದರೆ ಅದಕ್ಕೆ ಸಂಬಳ ಹೇಗೆ ಲೆಕ್ಕ ಹಾಕ್ತೀವಿ, ಓಟಿ ಎಷ್ಟು ಅನ್ನೋದನ್ನು ಯಾರೂ ತಿಳಿಸಿ ಹೇಳಲಿಲ್ಲ. ಹಾಜರಾತಿಯ ಯಂತ್ರ ಸರಿಯಾಗಿ ಕೆಲಸ ಮಾಡುತ್ತಿರಲಿಲ್ಲ, ಅದನ್ನು ತಿಂಗಳುಗಟ್ಟಲೆ ಸರಿ ಮಾಡಿಸಿರಲಿಲ್ಲ. 21,000 ಅಂತ ಹೇಳಿ ಕರೆತಂದು 16,000 ಕೊಟ್ಟರು, ಆಮೇಲೆ ಅದೂ 12,000ಕ್ಕೆ ಇಳಿಯಿತು ಅಂತ ಎಂಜಿನಿಯರಿಂಗ್ ಓದಿದ ಹುಡುಗರು ದೂರಿದ್ದೂ ಆಗ ವರದಿಯಾಗಿತ್ತು.

ಇಲ್ಲಿ ಒಂದು ಕ್ಷಣ ನಿಲ್ಲಿ. ಹನ್ನೆರಡು ಗಂಟೆ ನಿಂತು ಕೆಲಸ ಮಾಡಿ ಹೊರಬಂದ ಹುಡುಗ ಬೆರಳು ಒತ್ತುತ್ತಾನೆ. ಯಂತ್ರ ಅದನ್ನು ಬರೆದುಕೊಂಡಿತೋ ಇಲ್ಲವೋ ಅವನಿಗೆ ಗೊತ್ತಿಲ್ಲ. ತಿಂಗಳ ಕೊನೆಗೆ ಮೊಬೈಲ್‌ಗೆ ಒಂದು ಮೊತ್ತ ಬರುತ್ತೆ. ಆ ಮೊತ್ತಕ್ಕೂ ಅವನು ನಿಂತ ಗಂಟೆಗಳಿಗೂ ಏನು ಸಂಬಂಧ ಅಂತ ಸೂಪರ್‌ವೈಸರ್‌ನ ಕೇಳಿದರೆ “ಕಾಂಟ್ರ್ಯಾಕ್ಟರ್‌ನ ಕೇಳು” ಅಂತಾರೆ. ಕಾಂಟ್ರ್ಯಾಕ್ಟರ್‌ನ ಕೇಳಿದರೆ “ಕಂಪನಿ ಕೊಟ್ಟ ಹಾಜರಾತಿ ಇಷ್ಟೇ” ಅಂತಾರೆ. ಇಂಥವನನ್ನು ಯಾವ ಕೇಕ್ ಹುರಿದುಂಬಿಸುತ್ತೆ?

ಡಿಸೆಂಬರ್ 19ಕ್ಕೆ ಆ್ಯಪಲ್ ಕಂಪನಿ ತನ್ನ ತನಿಖೆಯ ಮೊದಲ ಭಾಗ ಹೊರಹಾಕಿತು. ಕೆಲಸದ ಗಂಟೆಗಳನ್ನು ನಿರ್ವಹಿಸುವ ಸರಿಯಾದ ವ್ಯವಸ್ಥೆ ಇರಲಿಲ್ಲ, ಅದರಿಂದ ಅಕ್ಟೋಬರ್, ನವೆಂಬರ್‌ನಲ್ಲಿ ಕೆಲವರಿಗೆ ಸಂಬಳ ತಡವಾಗಿದೆ ಅಂತ ಒಪ್ಪಿಕೊಂಡು, ಸರಿಪಡಿಸುವವರೆಗೆ ವಿಸ್ಟ್ರಾನ್‌ಗೆ ಹೊಸ ಕೆಲಸ ಇಲ್ಲ ಅಂದಿತು. ವಿಸ್ಟ್ರಾನ್ ಕ್ಷಮೆ ಕೇಳಿತು, ಭಾರತದ ವ್ಯವಹಾರ ನೋಡಿಕೊಳ್ಳುತ್ತಿದ್ದ ಉಪಾಧ್ಯಕ್ಷರನ್ನು ತೆಗೆಯಿತು. ಆಮೇಲೆ ಅವರು ಮಾಡಿದ ಒಂದು ಕೆಲಸ ನನಗೆ ಬಹಳ ಹಿಡಿಸಿತು. ಹೆಸರು ಹೇಳದೆ ದೂರು ಕೊಡಲು ದಿನದ 24 ಗಂಟೆಯೂ ಇರುವ ಸಹಾಯವಾಣಿ. ಕನ್ನಡ, ತೆಲುಗು, ತಮಿಳು, ಹಿಂದಿ, ಇಂಗ್ಲಿಷ್ ಐದೂ ಭಾಷೆಯಲ್ಲಿ. ನಮ್ಮ ಬಸ್ಸಿನಲ್ಲಿ ಕೂತು ಒಂದು ದಿನ ಕೇಳಿಸಿಕೊಂಡಿದ್ದರೆ ಮೊದಲೇ ಗೊತ್ತಾಗುತ್ತಿತ್ತು, ಈ ಜಿಲ್ಲೆಯಲ್ಲಿ ಸಂಬಳದ ಸಂಕಟ ಎಷ್ಟು ಭಾಷೆಯಲ್ಲಿ ಇರುತ್ತೆ ಅಂತ. ನೇಮಕಾತಿ, ಸಂಬಳ ಎರಡರ ವ್ಯವಸ್ಥೆಯನ್ನೂ ಹೊಸದಾಗಿ ಕಟ್ಟಿ, ದೂರು ಕೊಡೋದು ಹೇಗೆ, ಹಕ್ಕು ಏನು ಅಂತ ಎಲ್ಲರಿಗೂ ತರಬೇತಿ ಕೊಟ್ಟು ಕಾರ್ಖಾನೆ ಮತ್ತೆ ಶುರುವಾಗಿದ್ದು 2021ರ ಆರಂಭದ ತಿಂಗಳುಗಳಲ್ಲಿ. 2023ರ ಅಕ್ಟೋಬರ್‌ನಲ್ಲಿ ಆ ಘಟಕವನ್ನು 12.5 ಕೋಟಿ ಡಾಲರ್‌ಗೆ ಟಾಟಾದವರಿಗೆ ಮಾರುವ ತೀರ್ಮಾನವಾಯ್ತು. ಈಗ ಅಲ್ಲಿ ಬೋರ್ಡು ಬೇರೆ.

ಬೆರಳು ಒತ್ತುವ ಮಾತು ಬಂದಾಗ ಕೆಜಿಎಫ್ ನೆನಪಾಗದೆ ಇರಲ್ಲ. 1930ರಲ್ಲಿ ಅಲ್ಲಿನ ಚಿನ್ನದ ಗಣಿ ಕಾರ್ಮಿಕರು ಬೆರಳಚ್ಚು ಕೊಟ್ಟು ನೋಂದಾಯಿಸಿಕೊಳ್ಳಬೇಕು ಅನ್ನುವ ನಿಯಮದ ವಿರುದ್ಧ ಮುಷ್ಕರ ಹೂಡಿದ್ದರು. ನಾವು ದಿನಕ್ಕೆ ನಾಲ್ಕು ಸಲ ಒತ್ತುತ್ತೀವಿ, ಯಾರಿಗೂ ಬೇಜಾರಿಲ್ಲ. ಒತ್ತಿದ್ದು ದುಡ್ಡಾಗಿ ಬರಬೇಕು, ಅಷ್ಟೇ.

ಅಮ್ಮನ ಡೇರಿ ಚೀಟಿ

ನಮ್ಮಮ್ಮ ಊರಿನ ಡೇರಿಗೆ ಹಾಲು ಹಾಕೋಕೆ ಶುರು ಮಾಡಿ ಇಪ್ಪತ್ತು ವರ್ಷದ ಮೇಲಾಯ್ತು. ಬೆಳಗ್ಗೆ ಒಂದು ಸಲ, ಸಂಜೆ ಒಂದು ಸಲ. ಹಾಲು ಸುರಿದ ಕೂಡಲೇ ಲೀಟರ್ ಎಷ್ಟು, ಫ್ಯಾಟ್ ಎಷ್ಟು ಅಂತ ಮೆಷಿನ್ ತೋರಿಸುತ್ತೆ, ಚೀಟಿ ಬರುತ್ತೆ. ಅಮ್ಮ ಆ ಚೀಟಿಯನ್ನು ಸೆರಗಿನ ತುದಿಗೆ ಕಟ್ಟಿಕೊಂಡು ಬಂದು ದೇವರ ಮನೆ ಗೂಡಿನಲ್ಲಿ ಇಡ್ತಾರೆ. ಬಟವಾಡೆ ದಿನ ಎಲ್ಲಾ ಚೀಟಿ ತೆಗೆದು ಕೂಡ್ತಾರೆ. ಓದಿದ್ದು ಮೂರನೇ ಕ್ಲಾಸು.

ಆ ಹುಡುಗಿ ಕೆಲಸ ಬಿಟ್ಟ ವಾರ ಊರಿಗೆ ಹೋಗಿದ್ದೆ. ಅವತ್ತು ಸಂಜೆ ಅಮ್ಮ ಡೇರಿಯಲ್ಲಿ ಜಗಳ ಆಡಿಕೊಂಡು ಬಂದಿದ್ದರು. ಫ್ಯಾಟ್ ಕಮ್ಮಿ ಬಂದಿದೆ ಅಂತ. ಕಾರ್ಯದರ್ಶಿ ಇನ್ನೊಂದು ಸಲ ಹಾಕಿ ತೋರಿಸಿದರಂತೆ, ಅಷ್ಟೇ ಬಂತಂತೆ. “ಸರಿ, ಹಸುಗೆ ಹಿಂಡಿ ಕಮ್ಮಿ ಆಗಿದೆ” ಅಂದುಕೊಂಡು ವಾಪಸ್ ಬಂದಿದ್ದಾರೆ. ದುಡ್ಡು ಹೆಚ್ಚು ಸಿಗಲಿಲ್ಲ, ಆದರೂ ಬೇಜಾರಿಲ್ಲ.

ನಾನು ಕೇಳಿದೆ, “ಇಷ್ಟು ಜಗಳ ಆಡ್ತೀಯ, ಖಾಸಗಿಯವರು ಬಂದು ರೇಟ್ ಜಾಸ್ತಿ ಕೊಡ್ತೀವಿ ಅಂದ್ರೂ ಯಾಕಮ್ಮ ಹೋಗಲ್ಲ?”

“ಇಲ್ಲಿ ನನ್ನ ಮುಂದೇನೇ ನೋಡ್ತಾರಲ್ಲಮ್ಮ” ಅಂದರು.

ಮ್ಯಾನೇಜ್‌ಮೆಂಟ್ ಓದಿದವರಿಗೆ ಫ್ರೆಡರಿಕ್ ಹರ್ಜ್‌ಬರ್ಗ್ ಹೆಸರು ಗೊತ್ತಿರುತ್ತೆ. ಅಮೆರಿಕದ ಮನಶ್ಶಾಸ್ತ್ರಜ್ಞ. ಪಿಟ್ಸ್‌ಬರ್ಗ್ ಸುತ್ತಮುತ್ತಲ ಸುಮಾರು 200 ಎಂಜಿನಿಯರ್, ಅಕೌಂಟೆಂಟ್‌ಗಳನ್ನು ಮಾತಾಡಿಸಿ 1959ರಲ್ಲಿ ಜೊತೆಗಾರರೊಡನೆ ಪುಸ್ತಕ ಬರೆದರು. ಸಂಬಳ, ನಿಯಮ, ಮೇಲ್ವಿಚಾರಣೆ ಇವೆಲ್ಲ ಕೆಟ್ಟಿದ್ದರೆ ಮನುಷ್ಯ ಕೊರಗುತ್ತಾನೆ. ಚೆನ್ನಾಗಿದ್ದರೆ ಕೊರಗು ನಿಲ್ಲುತ್ತೆ, ಆದರೆ ಅಷ್ಟಕ್ಕೇ ಹುಮ್ಮಸ್ಸು ಬರಲ್ಲ. ಹುಮ್ಮಸ್ಸು ಬರೋದು ಮಾಡಿದ ಕೆಲಸದಿಂದ, ಅದನ್ನು ಗುರುತಿಸಿದ್ದರಿಂದ, ಜವಾಬ್ದಾರಿ ಸಿಕ್ಕಿದ್ದರಿಂದ. ಇದು ಅವರ ವಾದ. ನಾನು ಮಾಡಿದ ತಪ್ಪು ಏನಂದ್ರೆ, ಎರಡನೇ ಮೆಟ್ಟಿಲಿನ ಮೇಲೆ ಕೇಕ್ ಇಟ್ಟು ಕೂಗ್ತಿದ್ದೆ. ಆ ಹುಡುಗಿ ನಿಂತಿದ್ದು ಮೊದಲನೇ ಮೆಟ್ಟಿಲ ಕೆಳಗೆ.

ನೀವು ಬೆಂಗಳೂರಿನ ಟೆಕ್ ಪಾರ್ಕ್‌ನಲ್ಲಿ ಟೀಮ್ ಲೀಡ್ ಆಗಿದ್ದರೆ ‘ನಮ್ಮಲ್ಲಿ ಇದೆಲ್ಲ ಇಲ್ಲಪ್ಪ’ ಅಂದುಕೊಳ್ಳಬೇಡಿ. ನನ್ನ ತಮ್ಮ ಅಲ್ಲೇ ಇದ್ದಾನೆ. ಹೋದ ವರ್ಷ ಅವನ ಮ್ಯಾನೇಜರ್ ಟೀಮಿಗೆಲ್ಲ ಪಿಜ್ಜಾ ತರಿಸಿದ ದಿನ, ಇವನು ಸ್ವಂತ ದುಡ್ಡಲ್ಲಿ ಹೋಗಿಬಂದ ಪುಣೆ ಪ್ರಯಾಣದ ಬಿಲ್ ಅದೇ ಮ್ಯಾನೇಜರ್‌ನ ಮೇಲ್‌ನಲ್ಲಿ ಎಪ್ಪತ್ತು ದಿನದಿಂದ ಕೂತಿತ್ತಂತೆ. “ಪಿಜ್ಜಾ ತಿಂದೆ ಅಕ್ಕ, ಚೆನ್ನಾಗಿತ್ತು. ತಿನ್ನುತ್ತಾ ನೌಕ್ರಿ ಆ್ಯಪ್ ಅಪ್‌ಡೇಟ್ ಮಾಡ್ದೆ” ಅಂದ.

ಡೌಟ್ ಪುಸ್ತಕ

ಊರಿಂದ ವಾಪಸ್ ಬಂದವಳೇ 20 ರೂಪಾಯಿಯ ಒಂದು ಉದ್ದ ನೋಟ್‌ಬುಕ್ ತಂದು, ದಾರ ಕಟ್ಟಿ ಲೈನಿನ ಕೊನೆಯ ಕಂಬಕ್ಕೆ ನೇತುಹಾಕಿದೆ. ಹೆಸರು ಡೌಟ್ ಪುಸ್ತಕ. ಯಾರಿಗೆ ಏನು ಡೌಟ್ ಇದ್ದರೂ ಬರೀಬಹುದು, ಯಾವ ಭಾಷೆ ಆದರೂ ಸರಿ. ಪ್ರತಿ ಗುರುವಾರ ಅದರ ಪಕ್ಕದಲ್ಲಿ ನಾನು ಉತ್ತರ ಬರೀತೀನಿ. ‘ಆಗುತ್ತೆ’, ‘ಆಗಲ್ಲ, ಯಾಕೆ ಅಂದರೆ ಇದು’, ಇಲ್ಲಾ ‘ಇಂಥವರನ್ನು ಕೇಳಿದ್ದೀನಿ, ಇಂಥ ದಿನ ಹೇಳ್ತಾರೆ’. ‘ನೋಡೋಣ’ ಅನ್ನುವ ಪದ ಆ ಪುಸ್ತಕದಲ್ಲಿ ಬರೆಯಲ್ಲ ಅಂತ ನನಗೆ ನಾನೇ ಹೇಳಿಕೊಂಡಿದ್ದೆ. ಎರಡು ಸಲ ಬರೆದಿದ್ದೀನಿ, ಒಪ್ಕೊಳ್ತೀನಿ.

ಮೊದಲ ಎರಡು ವಾರ ಯಾರೂ ಏನೂ ಬರೀಲಿಲ್ಲ. ಯಾರೋ ಒಬ್ಬರು ನನ್ನ ಚಿತ್ರ ಬಿಡಿಸಿದ್ದರು, ಕೊಂಬು ಸಮೇತ. ಮೂರನೇ ವಾರ ಒಂದು ಸಾಲು ಬಂತು. ‘ಪಿಎಫ್ ಎಂದು 1,560 ಹಿಡೀತಾರೆ. ಎಲ್ಲಿ ಹೋಗುತ್ತೆ?’ ನನಗೂ ಪೂರ್ತಿ ಗೊತ್ತಿರಲಿಲ್ಲ. ಎಚ್‌ಆರ್‌ನ ಹುಡುಗನನ್ನು ಕರೆತಂದು, ಊಟದ ಬಿಡುವಿನಲ್ಲಿ ಅವರವರ ಯುಎಎನ್ ನಂಬರ್ ಹಾಕಿ ಫೋನಿನಲ್ಲೇ ಪಾಸ್‌ಬುಕ್ ತೆಗೆದು ತೋರಿಸಿದೆವು. ತಮ್ಮ ದುಡ್ಡಿನ ಜೊತೆ ಕಂಪನಿ ದುಡ್ಡೂ ಅಲ್ಲಿ ಬೀಳುತ್ತೆ ಅಂತ ಅವತ್ತು ಗೊತ್ತಾದವರೇ ಜಾಸ್ತಿ. ಇಬ್ಬರ ಖಾತೆಯಲ್ಲಿ ನಾಲ್ಕು ತಿಂಗಳಿಂದ ಏನೂ ಬಿದ್ದಿರಲಿಲ್ಲ! ಕಾಂಟ್ರ್ಯಾಕ್ಟರ್ ಆಫೀಸಿನಲ್ಲಿ ಹೆಸರಿನ ಸ್ಪೆಲಿಂಗ್ ತಪ್ಪಾಗಿತ್ತು. ಸರಿಯಾಗೋಕೆ ಆರು ವಾರ ಹಿಡೀತು.

ಆಮೇಲೆ ಪುಸ್ತಕ ತುಂಬತೊಡಗಿತು. ಓಟಿಗೆ ದುಪ್ಪಟ್ಟು ಅಂತಾರೆ, ಯಾವುದರ ದುಪ್ಪಟ್ಟು? ಕಾಂಟ್ರ್ಯಾಕ್ಟರ್ ಸಂಬಳ ಕೊಡದೆ ಹೋದರೆ ಯಾರು ಕೊಡಬೇಕು? ಕೊನೆಗೆ ಕೊಡಬೇಕಾದ ಹೊಣೆ ಕೆಲಸ ಮಾಡಿಸಿಕೊಂಡ ಕಂಪನಿಯದ್ದು ಅಂತ ಕಾನೂನೇ ಹೇಳುತ್ತೆ. ಇದನ್ನು ನಾನು ಪುಸ್ತಕದಲ್ಲಿ ಬರೆದ ದಿನ ನಮ್ಮ ಪ್ರೊಡಕ್ಷನ್ ಮ್ಯಾನೇಜರ್ ಕ್ಯಾಬಿನ್‌ಗೆ ಕರೆದರು. “ಏನಮ್ಮಾ, ನೀನೇ ಯೂನಿಯನ್ ಶುರು ಮಾಡ್ತಿದೀಯಾ?” ಅಂದರು. ನಗುತ್ತಾ ಕೇಳಿದರೂ ನಗು ಕಣ್ಣಲ್ಲಿರಲಿಲ್ಲ. “ಸರ್, ಇಲ್ಲಿ ಬರೀಲಿಲ್ಲ ಅಂದ್ರೆ ಬಸ್ಸಲ್ಲಿ ಮಾತಾಡ್ತಾರೆ. ಬಸ್ಸಲ್ಲಿ ಮಾತಾಡೋದಕ್ಕೆ ನಾವು ಉತ್ತರ ಕೊಡೋಕಾಗಲ್ಲ” ಅಂದೆ. ಅವರು ಸುಮ್ಮನಾದರು. ಪುಸ್ತಕ ತೆಗೆಸಲಿಲ್ಲ. ಹಾಗಂತ ಬೇರೆ ಲೈನುಗಳಿಗೂ ಹಾಕಿಸಲಿಲ್ಲ. ಆ ವರ್ಷದ ನನ್ನ ಅಪ್ರೈಸಲ್‌ನಲ್ಲಿ ‘ಇನ್ನಷ್ಟು ಟೀಮ್ ಪ್ಲೇಯರ್ ಆಗಬೇಕು’ ಅಂತ ಒಂದು ಸಾಲು ಬಂತು. ಬಂದರೆ ಬರಲಿ.

ಸಂಬಳ ಬಿದ್ದ ಮಾರನೇ ದಿನ ಹದಿನೈದು ನಿಮಿಷ ಚೀಟಿ ಓದುವ ಕೆಲಸವನ್ನೂ ಇಟ್ಟುಕೊಂಡೆ. ಹೊಸ ಕಾನೂನು ಬಂದ ಮೇಲೆ, ಅಂದರೆ 2025ರ ನವೆಂಬರ್ 21ರಿಂದ ವೇತನ ಸಂಹಿತೆ ಜಾರಿಯಾದ ಮೇಲೆ, ತಿಂಗಳ ಸಂಬಳ ಮುಂದಿನ ತಿಂಗಳ 7ರೊಳಗೆ ಬರಬೇಕು ಅನ್ನೋದನ್ನು ನಮ್ಮ ಲೈನಿನಲ್ಲಿ ಕಂಠಪಾಠ ಮಾಡಿಸಿದ್ದೀನಿ. 8ನೇ ತಾರೀಖು ಬಂದರೆ ನನ್ನ ಮುಖವನ್ನೇ ನೋಡ್ತಾರೆ. ನೋಡಲಿ.

ಎಡಗೈ ಹುಡುಗ

ಇಷ್ಟು ಮಾಡಿದ ಮೇಲೂ ಜನ ಸಿಕ್ಕಾಪಟ್ಟೆ ಖುಷಿಯಿಂದ ಕೆಲಸ ಮಾಡತೊಡಗಿದರು ಅಂದರೆ ಸುಳ್ಳಾಗುತ್ತೆ. ಬೈಯೋದು ನಿಂತಿತು. ಬಿಟ್ಟು ಹೋಗೋರು ಕಮ್ಮಿ ಆದರು. ಅಷ್ಟೇ. ಎರಡನೇ ಮೆಟ್ಟಿಲು ಏನು ಅಂತ ನನಗೆ ತೋರಿಸಿದವನು ಮಾಲೂರಿನ ಹುಡುಗ.

ಅವರಪ್ಪ ಮಾಲೂರಿನ ಹೆಂಚಿನ ಕಾರ್ಖಾನೆಯಲ್ಲಿ ದುಡಿದವರು. ಹುಡುಗ ಐಟಿಐ ಮಾಡಿದ್ದ. ಮಾತು ಕಮ್ಮಿ, ಕೆಲಸವೂ ಸ್ವಲ್ಪ ನಿಧಾನ. ‘ಸ್ಲೋ’ ಅಂತ ಅವನ ಹೆಸರ ಮುಂದೆ ನಾನೇ ಬರೆದಿದ್ದೆ. ಒಂದು ಗುರುವಾರ ಡೌಟ್ ಪುಸ್ತಕದಲ್ಲಿ ಬರೆದಿದ್ದ: ‘ನಾನು ಎಡಚ. ಸ್ಕ್ರೂ ಟ್ರೇ ಬಲಗಡೆ ಇದೆ. ಎಡಗಡೆ ಇಡಬಹುದಾ?’

ನನ್ನ ತಲೆ ತಿರುಗಿತು. ಏಳು ತಿಂಗಳಿಂದ ಅವನು ಪ್ರತಿ ಪೀಸಿಗೂ ಎಡಗೈಯನ್ನು ಬಲಗೈ ಮೇಲಿಂದ ದಾಟಿಸಿ ಸ್ಕ್ರೂ ತೆಗೆದುಕೊಳ್ಳುತ್ತಿದ್ದ. ನಾನು ದಿನಕ್ಕೆ ಇಪ್ಪತ್ತು ಸಲ ಅವನ ಹಿಂದೆ ಓಡಾಡಿದ್ದೀನಿ, ಕಂಡಿದ್ದು ಅವನ ನಿಧಾನ ಮಾತ್ರ. ಪ್ರೋಸೆಸ್ ಎಂಜಿನಿಯರ್ ಹತ್ತಿರ ಹೋದರೆ “ಡ್ರಾಯಿಂಗ್‌ನಲ್ಲಿ ಬಲಗಡೆ ಅಂತಿದೆ” ಅಂದರು. ಒಂದು ಶಿಫ್ಟ್ ಮಾತ್ರ ನೋಡೋಣ ಸರ್ ಅಂತ ಕಾಡಿ ಒಪ್ಪಿಸಿದೆ. ಟ್ರೇ ಸ್ಟ್ಯಾಂಡಿಗೆ ಎರಡೂ ಕಡೆ ಕೊಕ್ಕೆ ಹಾಕಿಸಿದೆವು. ಹುಡುಗ ಎಲ್ಲರ ಸಮಕ್ಕೆ ಬಂದ. ಲೈನಿನಲ್ಲಿ ಇನ್ನೂ ಇಬ್ಬರು ಎಡಚರು ಇದ್ದರು, ಅವರೂ ತಮ್ಮ ಟ್ರೇ ಬದಲಿಸಿಕೊಂಡರು.

ಬದಲಾವಣೆಯ ಹಾಳೆಯಲ್ಲಿ ‘ಸಲಹೆ ಕೊಟ್ಟವರು’ ಅಂತ ಒಂದು ಕಾಲಂ ಇರುತ್ತೆ. ಸಾಮಾನ್ಯವಾಗಿ ಅಲ್ಲಿ ಎಂಜಿನಿಯರ್ ಹೆಸರು ಬೀಳುತ್ತೆ. ಇದರಲ್ಲಿ ಅವನ ಹೆಸರೇ ಬರಬೇಕು ಅಂತ ಹಟ ಹಿಡಿದೆ. ಬಂತು. ಅವನು ಆ ಹಾಳೆಯ ಫೋಟೋ ತೆಗೆದುಕೊಂಡು ಅವರಪ್ಪನಿಗೆ ಕಳಿಸಿದನಂತೆ. ಮುಂದಿನ ತಿಂಗಳು ಹೊಸಬರು ಬಂದಾಗ, ಯಾರೂ ಹೇಳದೆ ಅವನೇ ಹೋಗಿ ಪಕ್ಕ ನಿಂತು ಕಲಿಸತೊಡಗಿದ. ಮೊದಲ ಪ್ರಶ್ನೆ, “ನೀವು ಎಡಗೈನವರಾ, ಬಲಗೈನವರಾ?”

ಚಪ್ಪಾಳೆ, ಕೇಕ್ ಯಾವುದೂ ಇರಲಿಲ್ಲ ಅವತ್ತು.

ಹೆಸರು ಬರಬೇಕಾದ ಜಾಗದಲ್ಲಿ ಬೇರೆ ಹೆಸರು ಬಂದರೆ ಏನಾಗುತ್ತೆ ಅನ್ನೋದಕ್ಕೆ ಅದೇ ಮಾಲೂರು ತಾಲ್ಲೂಕಿನ ದೊಡ್ಡ ಮನುಷ್ಯರೊಬ್ಬರ ಕಥೆ ಇದೆ. ಮಾಸ್ತಿ ವೆಂಕಟೇಶ ಅಯ್ಯಂಗಾರರನ್ನು ನಾವು ಸಣ್ಣ ಕಥೆಗಳಿಗೆ, ‘ಚಿಕ್ಕವೀರ ರಾಜೇಂದ್ರ’ಕ್ಕೆ, 1983ರ ಜ್ಞಾನಪೀಠಕ್ಕೆ ನೆನೆಯುತ್ತೇವೆ. ಅವರು ಮೈಸೂರು ಸರ್ಕಾರದಲ್ಲಿ ದೊಡ್ಡ ದೊಡ್ಡ ಹುದ್ದೆ ನಿಭಾಯಿಸಿದ ಅಧಿಕಾರಿ ಕೂಡ. ತಮಗೆ ನ್ಯಾಯವಾಗಿ ಸಲ್ಲಬೇಕಾದ ಬಡ್ತಿ ತಪ್ಪಿ, ತಮಗಿಂತ ಕಿರಿಯರೊಬ್ಬರನ್ನು ಮೇಲೇರಿಸಿದಾಗ ಪ್ರತಿಭಟಿಸಿ ರಾಜೀನಾಮೆ ಕೊಟ್ಟರು. ಅವರಿಗೆ ಕೈಯಲ್ಲಿ ಇನ್ನೊಂದು ಕೆಲಸವಿತ್ತು, ಕನ್ನಡಕ್ಕೆ ಲಾಭವಾಯ್ತು. ನಮ್ಮ ಲೈನಿನ ಹುಡುಗರಿಗೆ ಆ ಅನುಕೂಲ ಇರಲ್ಲ. ಅವರು ರಾಜೀನಾಮೆ ಕೊಡೋದೂ ಇಲ್ಲ. ದೇಹ ಲೈನಿನಲ್ಲಿ ಬಿಟ್ಟು ಮನಸ್ಸು ತೆಗೆದುಕೊಂಡು ಹೋಗಿಬಿಡ್ತಾರೆ.

ಮಾವಿನ ತೋಪಿನ ಲೆಕ್ಕ

ನನ್ನ ಸೋದರಮಾವ ಶ್ರೀನಿವಾಸಪುರದಲ್ಲಿ ಮಾವಿನ ಕಾಯಿ ಇಳಿಸುವ ಕೂಲಿಯವರ ಮೇಸ್ತ್ರಿ. ಸೀಸನ್‌ನಲ್ಲಿ ಹದಿನೈದು ಜನರನ್ನು ಗಾಡಿಯಲ್ಲಿ ತುಂಬಿಕೊಂಡು ತೋಪಿನಿಂದ ತೋಪಿಗೆ ಹೋಗ್ತಾರೆ. ಸೀಸನ್ ಜೋರಾದಾಗ ಆಳು ಸಿಗೋದೇ ಕಷ್ಟ. ಎಲ್ಲಾ ಮೇಸ್ತ್ರಿಗಳೂ ಒದ್ದಾಡ್ತಿರ್ತಾರೆ, ಮಾವನ ಗಾಡಿ ಮಾತ್ರ ತುಂಬಿರುತ್ತೆ. ಹೋದ ಬೇಸಿಗೆಯಲ್ಲಿ ಒಂದು ಭಾನುವಾರ ಜೊತೆಗೆ ಹೋಗಿದ್ದೆ, ಏನು ಗುಟ್ಟು ನೋಡೋಣ ಅಂತ.

ಗುಟ್ಟೇನೂ ಕಾಣಲಿಲ್ಲ. ಮಾವ ಬೈಯೋದರಲ್ಲಿ ಯಾರಿಗೂ ಕಮ್ಮಿ ಇಲ್ಲ. ದೋಟಿ ಜಾರಿ ತೋತಾಪುರಿ ನೆಲಕ್ಕೆ ಬಿದ್ದರೆ ಬೈಗುಳ, ತೊಟ್ಟಿನ ಸೊನೆ ಕಾಯಿ ಮೇಲೆ ಇಳಿದು ಕಲೆಯಾದರೆ ಇನ್ನೂ ದೊಡ್ಡ ಬೈಗುಳ. ಆದರೆ ಸಂಜೆ ಗಾಡಿ ಹತ್ತುವ ಮೊದಲು, ಎಲ್ಲರೂ ಕೈಕಾಲು ತೊಳೆದು ಕೂತ ಮೇಲೆ, ಜೇಬಿನಿಂದ ಸಣ್ಣ ಪುಸ್ತಕ ತೆಗೆದು ಒಬ್ಬೊಬ್ಬರ ಹೆಸರು ಕೂಗಿ ಓದಿದರು. ಇವತ್ತಿನ ಕೂಲಿ ಇಷ್ಟು, ಸೋಮವಾರ ತಗೊಂಡಿದ್ದ ಅಡ್ವಾನ್ಸ್ ಇಷ್ಟು, ಹಿಡಿದಿದ್ದು ಇಷ್ಟು, ಕೈಗೆ ಇಷ್ಟು. ಎಲ್ಲರ ಮುಂದೆ. ಒಬ್ಬ ಅಜ್ಜಿ “ನಾನು ಬುಧವಾರಾನೂ ಬಂದಿದ್ದೆ” ಅಂದಳು. ಮಾವ ಪಕ್ಕದವರನ್ನು ಕೇಳಿ, ಹೌದು ಅಂದಮೇಲೆ ಅಲ್ಲೇ ತಿದ್ದಿ, ಅಲ್ಲೇ ಕೊಟ್ಟರು.

ಗಾಡಿಯಲ್ಲಿ ಬರುವಾಗ ಕೇಳಿದೆ, “ಮಾವ, ದಿನಾ ಇಷ್ಟು ಓದ್ತೀಯಾ?”

“ಓದದೇ ಇದ್ರೆ ನಾಳೆ ಆ ಅಜ್ಜಿ ಬರಲ್ಲ. ಬಂದ್ರೂ ಅರ್ಧ ಕಾಯಿ ಮರದಲ್ಲೇ ಬಿಟ್ಟು ಬರ್ತಾಳೆ. ನಾನು ಪ್ರತಿ ಮರ ಹತ್ತಿ ನೋಡೋಕಾಗುತ್ತೇನಮ್ಮ?”

ನಾನು ಕೊಡಲಾಗದ್ದೂ ಬೇಕಾದಷ್ಟಿದೆ. ಕಾಂಟ್ರ್ಯಾಕ್ಟ್‌ನವರನ್ನು ಪರ್ಮನೆಂಟ್ ಮಾಡಿ ಅಂತ ಪುಸ್ತಕದಲ್ಲಿ ಹನ್ನೊಂದು ಸಲ ಬಂದಿದೆ. ಹನ್ನೊಂದು ಸಲವೂ ‘ನನ್ನ ಕೈಯಲ್ಲಿಲ್ಲ, ಮೇಲೆ ಕಳಿಸಿದ್ದೀನಿ’ ಅಂತ ಬರೆದಿದ್ದೀನಿ. ಹನ್ನೊಂದನೆಯದರ ಕೆಳಗೆ ಯಾರೋ ‘ಅಕ್ಕಾ, ಮೇಲೆ ಯಾರಿದ್ದಾರೆ?’ ಅಂತ ಬರೆದಿದ್ದಾರೆ. ಅದಕ್ಕೆ ಇನ್ನೂ ಉತ್ತರ ಬರೆದಿಲ್ಲ.

ಆ 640 ರೂಪಾಯಿಯ ಕಥೆ ಹೇಳದೆ ಬಿಟ್ಟೆ ನೋಡಿ. ಬಟನ್ ಒತ್ತಿದೆ, ಕಾಂಟ್ರ್ಯಾಕ್ಟರ್ ಆಫೀಸಿಗೆ ಮೂರು ಸಲ ಫೋನ್ ಮಾಡಿದೆ, ಮುಂದಿನ ತಿಂಗಳು ಅವಳ ಖಾತೆಗೆ ಬಿತ್ತು. ‘ಬಂತಕ್ಕ’ ಅಂತ ಮೆಸೇಜ್ ಹಾಕಿದಳು. ವಾಪಸ್ ಬರ್ತೀಯಾ ಅಂತ ಕೇಳಿದೆ. ಇಲ್ಲಕ್ಕ, ಇಲ್ಲಿ ಸರಿಹೋಗಿದೆ ಅಂದಳು.

ಈ ವಾರ ಪುಸ್ತಕದಲ್ಲಿ ಮುಳಬಾಗಿಲಿನ ಮೂರು ಹುಡುಗಿಯರು ಸೇರಿ ಒಂದು ಸಾಲು ಬರೆದಿದ್ದಾರೆ. ಸೆಕೆಂಡ್ ಶಿಫ್ಟ್ ಮುಗಿದ ಮೇಲೆ ಕಂಪನಿ ಬಸ್ಸು ಊರೊಳಗೆ ಬರದೆ ಬೈಪಾಸ್‌ನಲ್ಲೇ ಇಳಿಸಿ ಹೋಗುತ್ತಂತೆ. ಅಲ್ಲಿಂದ ಕತ್ತಲಲ್ಲಿ ನಡೀಬೇಕು. ಗುರುವಾರ ನಾಳೆಯೇ, ಟ್ರಾನ್ಸ್‌ಪೋರ್ಟ್‌ನವರಿಗೆ ಇನ್ನೂ ಫೋನ್ ಮಾಡಿಲ್ಲ. ಇದನ್ನು ಕಳಿಸಿ ಮಾಡಬೇಕು.